ದೇವರಿಗೆ ಗೊತ್ತಿರುವ ಲೆಕ್ಕ ಸಭೆಗೂ ಗೊತ್ತಾಗಲಿ: ಕಾಣಿಕೆ ಎಣಿಸುವವರಿಗೆ ಒಂದು ಬಹಿರಂಗ ಪತ್ರ

ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಸಭೆಗಳ ಹಾಗೂ ಧರ್ಮಕೇಂದ್ರಗಳ ಖಜಾಂಚಿಗಳಿಗೆ, ಸಭಾ ಸಮಿತಿ ಮತ್ತು ಆರ್ಥಿಕ ಸಮಿತಿಯವರಿಗೆ, ಸಭಾಪಾಲಕರಿಗೆ, ಧರ್ಮಗುರುಗಳಿಗೆ ವಂದನೆಗಳು.

ವಾರ್ಷಿಕ ಮಹಾಸಭೆಯಲ್ಲಿ ಯಾರಾದರೂ ಎದ್ದು ನಿಂತು "ಬೆಳೆಹಬ್ಬದ ಹರಾಜಿನ ಬಾಕಿ ಎಷ್ಟು ಬಂತು?" ಎಂದು ಕೇಳಿದರೆ ನಮ್ಮ ಕಡೆ ಸಿಗುವ ಉತ್ತರ ಒಂದಿದೆ: "ದೇವರಿಗೆ ಗೊತ್ತಿದೆ, ನಾವು ಒಂದು ಪೈಸೆ ಮುಟ್ಟಿಲ್ಲ." ಹಾಗೆ ಹೇಳುವವರಲ್ಲಿ ಹೆಚ್ಚಿನವರು ನಿಜವನ್ನೇ ಹೇಳುತ್ತಾರೆ. ಆದರೆ ಕೇಳಿದ್ದು ಪೈಸೆ ಮುಟ್ಟಿದಿರಾ ಎಂದಲ್ಲ, ಬಾಕಿ ಎಷ್ಟು ಬಂತು ಎಂದು. ದೇವರ ಹೆಸರು ಬಂದ ಮೇಲೆ ಕೇಳಿದವರು ಕುಳಿತುಕೊಳ್ಳುತ್ತಾರೆ, ಪಕ್ಕದವರು ಅವರನ್ನು ಒಂದು ಥರ ನೋಡುತ್ತಾರೆ, ಮುಂದಿನ ವರ್ಷ ಯಾರೂ ಕೇಳುವುದಿಲ್ಲ. ಸಭೆಯ ಲೆಕ್ಕ ಕೆಡುವುದಕ್ಕೆ ಕಳ್ಳ ಬೇಕಾಗಿಲ್ಲ, ಈ ಮೌನವೇ ಸಾಕು.

ಎಲ್ಲವನ್ನೂ ನೋಡುವ ದೇವರು ಎಂಬ ಮಾತನ್ನು ನಾವು ಬಾಗಿಲು ಮುಚ್ಚಲು ಬಳಸುತ್ತಿದ್ದೇವೆ. ಸತ್ಯವೇದದಲ್ಲಿ ಆ ಮಾತು ಬಾಗಿಲು ತೆರೆಯುತ್ತದೆ. ಮನೆಯಿಂದ ಓಡಿಹೋಗಿ ಅರಣ್ಯದ ಒರತೆಯ ಬಳಿ ಕುಳಿತ ದಾಸಿ ಹಾಗರಳು ದೇವರನ್ನು ನೋಡುವಾತನೆಂದು ಕರೆದದ್ದು ಹೆದರಿಕೆಯಿಂದಲ್ಲ, ತನ್ನನ್ನೂ ನೋಡುವವನೊಬ್ಬನಿದ್ದಾನೆ ಎಂಬ ಸಮಾಧಾನದಿಂದ. ಕೀರ್ತನೆ 139 ಶುರುವಾಗುವುದು ನೀನು ನನ್ನನ್ನು ಪರೀಕ್ಷಿಸಿ ತಿಳಿದುಕೊಂಡಿದ್ದೀ ಎಂದು. ಮುಗಿಯುವುದು ಮತ್ತೆ ಪರೀಕ್ಷಿಸು ಎಂಬ ಬಿನ್ನಹದಿಂದ. ದೇವರ ಮುಂದೆ ಹೀಗೆ ಬೇಡಿಕೊಂಡವರಿಗೆ ಅಡಿಟರು ರಸೀದಿ ಪುಸ್ತಕ ಕೇಳಿದರೆ ಮುಖ ಕೆಂಪಾಗಬಾರದು.

ಪೌಲನ ನಡೆ ನೋಡಿ. ಯೆರೂಸಲೇಮಿನ ಬಡವರಿಗಾಗಿ ಹಲವು ಸಭೆಗಳಿಂದ ಹಣ ಕೂಡಿಸುತ್ತಿದ್ದ. ಅಪೊಸ್ತಲನನ್ನೇ ನಂಬದಿದ್ದರೆ ಇನ್ಯಾರನ್ನು ನಂಬುವುದು? ಆದರೂ ಹಣವನ್ನು ಅವನೊಬ್ಬನೇ ಒಯ್ಯಲು ಒಪ್ಪಲಿಲ್ಲ. ಯಾರು ಒಯ್ಯಬೇಕೆಂದು ಕೊಟ್ಟವರೇ ಆರಿಸಲಿ, ನಾನು ಪತ್ರ ಕೊಟ್ಟು ಕಳಿಸುತ್ತೇನೆ ಎಂದ (1 ಕೊರಿಂಥ 16). ತನ್ನ ಜೊತೆಗೆಲಸದ ತೀತನ ಜೊತೆಗೆ ಸಭೆಗಳು ನೇಮಿಸಿದ ಇನ್ನೊಬ್ಬ ಸಹೋದರನನ್ನೂ ಸೇರಿಸಿದ. ಕಾರಣವನ್ನೂ ಮುಚ್ಚುಮರೆಯಿಲ್ಲದೆ ಬರೆದ: ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ದೃಷ್ಟಿಯಲ್ಲಿ ಮಾತ್ರವಲ್ಲ, ಮನುಷ್ಯರ ದೃಷ್ಟಿಯಲ್ಲಿಯೂ ಸರಿಯಾದದ್ದನ್ನೇ ಮಾಡಬೇಕು (2 ಕೊರಿಂಥ 8:20-21). "ದೇವರಿಗೆ ಗೊತ್ತಿದೆ" ಎನ್ನುವವರು ಈ ವಾಕ್ಯದ ಅರ್ಧವನ್ನು ಮಾತ್ರ ಹೇಳುತ್ತಿದ್ದಾರೆ.

ಇದಕ್ಕೆ ಎದುರಾಗಿ 2 ಅರಸುಗಳು 12:15 ತೋರಿಸುವವರಿದ್ದಾರೆ. ದೇವಾಲಯದ ದುರಸ್ತಿಯ ಹಣ ಪಡೆದವರಿಂದ ಲೆಕ್ಕ ಕೇಳಲಿಲ್ಲ, ಅವರು ನಂಬಿಗಸ್ತರಾಗಿದ್ದರು ಎಂದು ಅಲ್ಲಿದೆ, ನಿಜ. ದಯಮಾಡಿ ಸ್ವಲ್ಪ ಮೇಲಿನಿಂದ ಓದಿ. ಯೆಹೂದದ ಅರಸ ಯೋವಾಷನ ಆಳಿಕೆಯ 23ನೇ ವರ್ಷವಾದರೂ ಯಾಜಕರ ಕೈಗೆ ಬರುತ್ತಿದ್ದ ಹಣದಿಂದ ದುರಸ್ತಿ ಆಗಿರಲಿಲ್ಲ. ಆಮೇಲೆ ಮುಚ್ಚಳಕ್ಕೆ ತೂತು ಕೊರೆದ ಪೆಟ್ಟಿಗೆಯೊಂದನ್ನು ಯಜ್ಞವೇದಿಯ ಪಕ್ಕ ಇಟ್ಟರು. ಅದು ತುಂಬಿದಾಗ ಅರಸನ ಲೇಖಕ ಮತ್ತು ಮಹಾಯಾಜಕ ಇಬ್ಬರೂ ಬಂದು ಎಣಿಸಿ ಚೀಲಕ್ಕೆ ಕಟ್ಟುತ್ತಿದ್ದರು. ಹಣ ಹೊರಗೆ ಹೋದದ್ದು ಆ ನಂತರ. ಪೆಟ್ಟಿಗೆ, ತೂತು, ಇಬ್ಬರು ಎಣಿಸುವವರು, ಚೀಲ ಇವೆಲ್ಲ ಮೊದಲು. ನಂಬಿಕೆಯ ಮಾತು ಕೊನೆಗೆ. ಬಾಬೆಲಿನಿಂದ ದೇವಾಲಯಕ್ಕೆ ಕಾಣಿಕೆ ಒಯ್ದ ಎಜ್ರನೂ ಬೆಳ್ಳಿ ಬಂಗಾರವನ್ನು 12 ಮಂದಿ ಯಾಜಕಮುಖ್ಯರಿಗೆ ತೂಗಿ ಕೊಟ್ಟ, ಯೆರೂಸಲೇಮಿಗೆ ಮುಟ್ಟಿದ ನಾಲ್ಕನೆಯ ದಿನ ಮತ್ತೆ ತೂಗಿಸಿ ಬರೆಸಿದ. ಆ ಯಾಜಕರಿಗೆ ಅವಮಾನವಾಯಿತೆಂದು ಎಲ್ಲೂ ಬರೆದಿಲ್ಲ.

ಈಗ ಭಾನುವಾರದ ಮೇಜಿಗೆ ಬರೋಣ.

ಕಾಣಿಕೆ ಚೀಲ ಪೀಠದಿಂದ ನೇರ ಎಣಿಕೆ ಮೇಜಿಗೆ ಬರಬೇಕು. ನಡುವೆ ಕಪಾಟಿನೊಳಗೆ "ಆಮೇಲೆ ನೋಡೋಣ" ಎಂದು ಅರ್ಧ ಗಂಟೆ ಇಡುವ ಪದ್ಧತಿ ಬಿಡಿ. ಎಣಿಸಲು ಕನಿಷ್ಠ ಮೂವರು. ಇಬ್ಬರಾದರೆ ಒಬ್ಬರಿಗೆ ಫೋನ್ ಬಂದ ಕ್ಷಣ ಅದು ಒಬ್ಬರೇ ಆದಂತೆ. ಗಂಡ ಹೆಂಡತಿ, ಅಪ್ಪ ಮಗ, ಅಕ್ಕ ತಂಗಿ ಒಟ್ಟಿಗೆ ಬೇಡ. ಖಜಾಂಚಿ ಎಣಿಸುವವರಲ್ಲಿ ಇರಕೂಡದು: ಎಣಿಸುವವರು, ಪುಸ್ತಕ ಬರೆಯುವವರು, ಬ್ಯಾಂಕಿಗೆ ಹೋಗುವವರು ಬೇರೆ ಬೇರೆಯಾಗಿರಬೇಕು. ಮೂರು ತಿಂಗಳಿಗೊಮ್ಮೆ ತಂಡ ಬದಲಾಗಲಿ. ಹತ್ತು ವರ್ಷದಿಂದ ಅವರೇ ಎಣಿಸುವುದು ಎಂದು ಹೆಮ್ಮೆಯಿಂದ ಹೇಳುವ ಸಭೆಗಳಿವೆ. ಅದು ಅವರ ನಿಷ್ಠೆಗೆ ಸಾಕ್ಷಿ, ಸಮಿತಿಯ ಸೋಮಾರಿತನಕ್ಕೂ ಸಾಕ್ಷಿ.

ಎಣಿಕೆ ಚೀಟಿ ಮೊದಲೇ ಮುದ್ರಿಸಿ, ಕ್ರಮಸಂಖ್ಯೆ ಹಾಕಿರಲಿ. ಮೇಲೆ ತಾರೀಕು, ಯಾವ ಆರಾಧನೆ ಅಥವಾ ಯಾವ ಪೂಜೆ ಎಂದು. ಕೆಳಗೆ 500, 200, 100, 50, 20, 10, ಆಮೇಲೆ ನಾಣ್ಯ. ಪ್ರತಿ ಸಾಲಿನಲ್ಲಿ ಎಷ್ಟು ನೋಟು, ಎಷ್ಟು ರೂಪಾಯಿ. ಲಕೋಟೆಯ ಕಾಣಿಕೆಗೆ ಬೇರೆ ಸಾಲು. ಹೊರಗೆ 1,000 ಎಂದು ಬರೆದು ಒಳಗೆ 900 ಇರುವುದು ಅಪರೂಪವಲ್ಲ. ಅದನ್ನು ಆಗಲೇ ಲಕೋಟೆಯ ಮೇಲೆ ಬರೆದು ಮೂವರೂ ಸಹಿ ಮಾಡಿ, ಲಕೋಟೆಯನ್ನು ಬಿಸಾಡದೆ ಚೀಟಿಗೆ ಪಿನ್ ಹಾಕಿ. ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಮೊದಲಿನ ಅಂಕೆ ನೋಡದೆ ಎಣಿಸಬೇಕು. ಅಂಕೆ ನೋಡಿ ಎಣಿಸಿದರೆ ಕಣ್ಣು ಅಲ್ಲಿಗೇ ಹೋಗಿ ನಿಲ್ಲುತ್ತದೆ. ಒಟ್ಟು ಮೊತ್ತ ಅಕ್ಷರದಲ್ಲಿಯೂ ಇರಲಿ. ತಪ್ಪಾದರೆ ತಿದ್ದಿ ಬರೆಯಬೇಡಿ. ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆದು ಸಹಿ ಹಾಕಿ. ಚೀಟಿಯ ಒಂದು ಪ್ರತಿ ಖಜಾಂಚಿಗೆ, ಒಂದು ಸಭಾಪಾಲಕರಿಗೆ ಅಥವಾ ಧರ್ಮಗುರುಗಳಿಗೆ, ಒಂದು ಎಣಿಸಿದವರ ಫೈಲಿಗೆ. ಈ ಮೂರನೆಯ ಪ್ರತಿ ಇಲ್ಲದಿದ್ದರೆ ಮೊದಲೆರಡಕ್ಕೆ ಬೆಲೆಯಿಲ್ಲ.

ಕ್ರಿಸ್ಮಸ್ ರಾತ್ರಿ ಆರಾಧನೆ ಮುಗಿದು ಒಂದು ಗಂಟೆಗೆ ಎಣಿಸಲು ಕೂರಬೇಡಿ. ನಿದ್ದೆಗಣ್ಣಿಗೆ 200ರ ನೋಟೂ 20ರ ನೋಟೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಚೀಲಕ್ಕೆ ನಂಬರಿರುವ ಪ್ಲಾಸ್ಟಿಕ್ ಸೀಲ್ ಹಾಕಿ, ನಂಬರನ್ನು ಚೀಟಿಯಲ್ಲಿ ಬರೆದು, ಎರಡು ಬೀಗದ ಕಪಾಟಿನಲ್ಲಿಟ್ಟು, ಬೆಳಿಗ್ಗೆ ಅದೇ ಮೂವರು ಸೀಲ್ ನಂಬರ್ ನೋಡಿಯೇ ಕತ್ತರಿಸಲಿ. ಎರಡು ಬೀಗದ ಎರಡು ಕೀಲಿ ಒಂದೇ ಗೊಂಚಲಿನಲ್ಲಿ ನೇತಾಡುವುದು ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ, ಬರೆಯುವುದಕ್ಕೂ ಬೇಸರ.

ನಾಣ್ಯದ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು. ಹೊತ್ತಾಯಿತು ಎಂದು ನಾಣ್ಯವನ್ನು ತಕ್ಕಡಿಯಲ್ಲಿ ತೂಗಿ ಅಂದಾಜು ಹಾಕುವವರಿದ್ದಾರೆ. 2011ರ ಸರಣಿಯ 1 ರೂಪಾಯಿ ನಾಣ್ಯ 3.79 ಗ್ರಾಂ, 2019ರ ಸರಣಿಯದು 3.09 ಗ್ರಾಂ. ಒಂದು ಕಿಲೋ ಹಳೆಯ ನಾಣ್ಯಕ್ಕೆ 264 ರೂಪಾಯಿ ಆಸುಪಾಸು, ಹೊಸದಾದರೆ 323. ಎರಡೂ ಬೆರೆತ ಚೀಲದಲ್ಲಿ ತೂಕಕ್ಕೆ ಅರ್ಥವೇ ಇಲ್ಲ. ಎಣಿಸಲೇಬೇಕು: ಹತ್ತರ ಸಾಲು, ಹತ್ತು ಸಾಲಿಗೆ ಒಂದು ಪೊಟ್ಟಣ. "ಚಿಲ್ಲರೆ ಎಷ್ಟಾಗುತ್ತದೆ, ಬಿಡಿ" ಎನ್ನುವ ನಾಲಿಗೆಗೆ ಮಾರ್ಕನ ಸುವಾರ್ತೆಯ 12ನೇ ಅಧ್ಯಾಯ ನೆನಪಿರಲಿ. ಯೇಸು ಬೊಕ್ಕಸದ ಎದುರಿಗೆ ಕುಳಿತು ಜನ ಹಣ ಹಾಕುವುದನ್ನು ನೋಡುತ್ತಿದ್ದರು. ಐಶ್ವರ್ಯವಂತರು ಬಹಳವಾಗಿ ಹಾಕುತ್ತಿದ್ದರು. ಯೇಸು ಶಿಷ್ಯರನ್ನು ಕರೆದು ತೋರಿಸಿದ್ದು ಬಡ ವಿಧವೆಯ ಎರಡು ಕಾಸನ್ನು. ನಮ್ಮ ಎಣಿಕೆಯಲ್ಲಿ ಆ ಎರಡು ಕಾಸು ಬೀಳುವುದು ಈ ಚಿಲ್ಲರೆ ತಟ್ಟೆಗೇ.

ಇನ್ನು ಬಹಳ ಕಡೆ ಕಾಣುವ ತಪ್ಪು, ಇದರಲ್ಲಿ ದುರಾಸೆಯೇನಿಲ್ಲ. ಚೀಟಿಯಲ್ಲಿ 8,740 ಇದೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ 8,440. ಎಲ್ಲಿ ಹೋಯಿತು 300? ಗಾಯನ ತಂಡದ ಚಾ ತಿಂಡಿಗೆ ಎಣಿಕೆ ಮೇಜಿನಿಂದಲೇ ಕೊಟ್ಟಿದ್ದಾರೆ. ಖರ್ಚು ನ್ಯಾಯವಾದದ್ದು, ದಾರಿ ಸರಿಯಲ್ಲ. ಹೀಗೆ ವರ್ಷವಿಡೀ ನಡೆದರೆ ಯಾವ ಭಾನುವಾರದ ಚೀಟಿಯೂ ಯಾವ ಜಮೆಗೂ ತಾಳೆಯಾಗುವುದಿಲ್ಲ, ಮುಂದೊಂದು ದಿನ ನಿಜವಾಗಿ ಯಾರಾದರೂ 300 ತೆಗೆದರೂ ಗೊತ್ತಾಗುವುದಿಲ್ಲ. ಬಂದ ಹಣ ಬಂದ ಹಾಗೆ, ಹರಿದ ನೋಟಿನ ಸಮೇತ, ಮುಂದಿನ ಕೆಲಸದ ದಿನ ಬ್ಯಾಂಕಿಗೆ ಹೋಗಲಿ. ಸಣ್ಣ ಖರ್ಚಿಗೆ ಬೇರೆ ಡಬ್ಬಿ: 5,000 ರೂಪಾಯಿ ಇಡಿ, ಖರ್ಚಾದಂತೆ ವೋಚರ್ ಹಾಕಿ, ವೋಚರ್‌ಗಳ ಒಟ್ಟು ಮೊತ್ತಕ್ಕೆ ಚೆಕ್ ಬರೆದು ಮತ್ತೆ 5,000 ಮಾಡಿ. ಯಾವ ಹೊತ್ತಿನಲ್ಲಿ ತೆರೆದರೂ ನೋಟು ಮತ್ತು ವೋಚರ್ ಕೂಡಿಸಿದರೆ 5,000 ಬರಬೇಕು. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ತೆರಿಗೆ ಲೆಕ್ಕದಲ್ಲಿ ಆ ಖರ್ಚು ಒಪ್ಪಿಗೆಯಾಗದು. ಶಾಮಿಯಾನದವರಿಗೆ, ಅಡುಗೆಯವರಿಗೆ ಬ್ಯಾಂಕ್ ಮೂಲಕವೇ ಕೊಡಿ. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತೆಯೂ ಇಲ್ಲ, ಅದು ಎಷ್ಟೇ ಭಕ್ತಿಯ ಹರಕೆಯಾದರೂ.

ಎಣಿಕೆಯಲ್ಲಿ 500 ಕಡಿಮೆ ಬಂದರೆ ಪ್ರಾಮಾಣಿಕರು ಮಾಡುವ ತಪ್ಪೊಂದಿದೆ: ತಮ್ಮ ಕಿಸೆಯಿಂದ ಹಾಕಿ ಸರಿ ಮಾಡುತ್ತಾರೆ. ದಯವಿಟ್ಟು ಹಾಕಬೇಡಿ. ಕೊರತೆ ಎಂದು ಬರೆಯಿರಿ. ಮೂರು ಸಲ ಕೊರತೆ ಬಂದರೆ ಎಲ್ಲಿ, ಯಾವ ಆರಾಧನೆಯಲ್ಲಿ, ಯಾರ ಸರದಿಯಲ್ಲಿ ಎಂದು ಗೊತ್ತಾಗುತ್ತದೆ. ನೀವು ತುಂಬಿಸಿದರೆ ಅದು ವರ್ಷಗಟ್ಟಲೆ ಮುಚ್ಚಿಕೊಂಡೇ ಇರುತ್ತದೆ. ಹೆಚ್ಚು ಬಂದರೂ ಹಾಗೆಯೇ, ಬರೆಯಿರಿ.

ಖಾಲಿ ಚೆಕ್ಕು. ಇಬ್ಬರ ಸಹಿ ಇರಬೇಕೆಂಬ ನಿಯಮ ಬಹುತೇಕ ಎಲ್ಲ ಸಭೆಗಳಲ್ಲೂ ಇದೆ. ಇಬ್ಬರಲ್ಲಿ ಒಬ್ಬರು ಊರಿಗೆ ಹೋಗುವ ಮೊದಲು ಹತ್ತು ಹಾಳೆಗೆ ಸಹಿ ಹಾಕಿ ಇಟ್ಟು ಹೋಗುವುದೂ ಇದೆ. ಅಲ್ಲಿಗೆ ಎರಡು ಸಹಿಯ ನಿಯಮ ಕಾಗದದ ಹುಲಿ. ಬೇಕಿದ್ದರೆ ಮೂವರಿಗೆ ಅಧಿಕಾರ ಕೊಟ್ಟು ಯಾರಾದರೂ ಇಬ್ಬರು ಎಂದು ಠರಾವು ಮಾಡಿ, ಬ್ಯಾಂಕಿಗೆ ಕೊಡಿ. ಸಹಿ ಮಾಡುವವರು ಬಿಲ್ಲು ನೋಡಿ, ಬಿಲ್ಲಿನ ಮೇಲೆ ಚೆಕ್ ನಂಬರ್ ಬರೆದು, ಆಮೇಲೆ ಸಹಿ ಹಾಕಲಿ. ಹಾಗೆ ಬರೆಯದಿದ್ದರೆ ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋಗುತ್ತದೆ, ಕೆಲವೊಮ್ಮೆ ಯಾರಿಗೂ ಗೊತ್ತಿಲ್ಲದೆ.

ಖಜಾಂಚಿ ಬೀಳುವುದು ಹೇಗೆ ಎಂದರೆ, ಮೊದಲ ದಿನ ಯಾರೂ ಕದಿಯುವುದಿಲ್ಲ. ಮಗಳ ಕಾಲೇಜು ಫೀಸಿಗೆ ಶನಿವಾರ ಕೊನೆಯ ದಿನ, ಸಂಬಳ ಸೋಮವಾರ. ಕಪಾಟಿನಲ್ಲಿ 12,000 ಇದೆ. ಸೋಮವಾರ ಹಾಕುತ್ತಾರೆ, ನಿಜವಾಗಿಯೂ ಹಾಕುತ್ತಾರೆ. ಮುಂದಿನ ಸಲ ಸೋಮವಾರ ಗುರುವಾರವಾಗುತ್ತದೆ. ಯೆರಿಕೋ ಪಟ್ಟಣದ ಕೊಳ್ಳೆಯಿಂದ ಕದ್ದ ಆಕಾನನ ಕೈಯಲ್ಲಿ ಸಿಕ್ಕಿದ್ದು ಒಂದು ನಿಲುವಂಗಿ, 200 ಶೆಕೆಲ್ ಬೆಳ್ಳಿ, 50 ಶೆಕೆಲ್ ತೂಕದ ಬಂಗಾರದ ಗಟ್ಟಿ. ಕಂಡೆ, ಆಶಿಸಿದೆ, ತೆಗೆದುಕೊಂಡೆ, ಬಚ್ಚಿಟ್ಟೆ ಎಂದು ಅವನೇ ಒಪ್ಪಿಕೊಂಡ ಕ್ರಮದಲ್ಲಿ ಮೊದಲನೆಯದು ಕಾಣುವುದು. ಹಣ ಕಪಾಟಿನಲ್ಲಿ ಎರಡು ರಾತ್ರಿಗಿಂತ ಹೆಚ್ಚು ಕಾಣದಿದ್ದರೆ ಉಳಿದ ಮೂರಕ್ಕೆ ಅವಕಾಶವೇ ಕಡಿಮೆ. ನಿಯಮ ಇರುವುದು ಖಜಾಂಚಿಯ ಮೇಲಿನ ಸಂಶಯಕ್ಕಲ್ಲ, ಆ ಶನಿವಾರ ಅವರನ್ನು ಒಂಟಿಯಾಗಿ ಬಿಡದಿರುವುದಕ್ಕೆ. ಕಷ್ಟದಲ್ಲಿರುವ ಖಜಾಂಚಿ ನಾಚಿಕೆಯಿಲ್ಲದೆ ಸಾಲ ಕೇಳಬಹುದಾದ ಸಹಾಯ ನಿಧಿ ಸಭೆಯಲ್ಲಿ ಇದೆಯೇ ಎಂಬುದನ್ನೂ ಸಮಿತಿ ಯೋಚಿಸಲಿ.

ಬೆಳೆಹಬ್ಬದ ಹರಾಜು ನಮ್ಮ ಕರಾವಳಿಯ ಸಂಭ್ರಮ, ಲೆಕ್ಕದ ಮಟ್ಟಿಗೆ ನಮ್ಮ ದೊಡ್ಡ ತೂತು. ಹಲಸು, ಅನಾನಸು, ಬಾಳೆಗೊನೆ, ಊರಕೋಳಿ. ಮೈಕಿನಲ್ಲಿ ಕೂಗು, ನಗು. ಒಂದು ಹಲಸನ್ನು ಒಬ್ಬರು 1,200ಕ್ಕೆ ಹಿಡಿದು, ಅಲ್ಲೇ ಸಭೆಗೆ ವಾಪಸು ಕೊಡುತ್ತಾರೆ. ಮತ್ತೆ ಕೂಗಿದಾಗ ಇನ್ನೊಬ್ಬರಿಗೆ 800. ಬರೆಯುವವರು ಹಳೆಯ ಸಾಲನ್ನು ಹೊಡೆದು 800 ಬರೆದರೆ 1,200 ಮಾಯ. ಹಣ್ಣು ಒಂದಾದರೂ ಸಾಲು ಎರಡು. ಪ್ರತಿ ವಸ್ತುವಿಗೆ ನಂಬರಿನ ಚೀಟಿ ಅಂಟಿಸಿ, ಅದೇ ನಂಬರ್ ಪುಸ್ತಕದಲ್ಲಿರಲಿ; ಮರುಹರಾಜಿಗೆ 14, 14-ಎ, 14-ಬಿ. ಕೂಗುವವರು ಬರೆಯಬಾರದು, ಬರೆಯುವವರು ಹಣ ಮುಟ್ಟಬಾರದು. "ನಾಳೆ ಕೊಡುತ್ತೇನೆ" ಎಂದವರ ಸಹಿ ಪುಸ್ತಕದಲ್ಲಿರಲಿ. ಬಾಕಿಯ ಪಟ್ಟಿ 30 ದಿನಕ್ಕೆ ಸಮಿತಿಯ ಮುಂದೆ ಬರಲಿ. ಆ ಪಟ್ಟಿಯಲ್ಲಿ ಸಮಿತಿಯವರದೇ ಹೆಸರು ಮೇಲೆ ಇರುವುದು ಹೊಸತೇನಲ್ಲ. ಪಟ್ಟಿ ಹೊರಗೆ ಬಾರದಿರುವುದಕ್ಕೆ ಕಾರಣವೂ ಬೇರೆ ಇರಲಿಕ್ಕಿಲ್ಲ.

ಮರಿಯಮ್ಮನ ಗುಹೆಯಾದ ಗ್ರೊಟ್ಟೊದ ಎದುರು ಮೇಣದಬತ್ತಿ ಇಡುವ ಕಡೆಯೂ ಹೀಗೆ. 100 ಬತ್ತಿಯ ಪೆಟ್ಟಿಗೆ, ಒಂದಕ್ಕೆ 10 ರೂಪಾಯಿ, ಡಬ್ಬಿಯಲ್ಲಿ 910. ಉಳಿದ 90 ಕಳ್ಳತನವಾಗಿರಬೇಕಿಲ್ಲ. ಕಾಸಿಲ್ಲದೆ ಹಚ್ಚಿ ಹೋದವರೂ ಇರುತ್ತಾರೆ, ಅವರಿಗೆ ಒಳ್ಳೆಯದಾಗಲಿ. ಪುಸ್ತಕದಲ್ಲಿ 910 ಮತ್ತು 90 ಎರಡೂ ಇರಲಿ. ಆದರೆ ಅರ್ಧ ಉರಿದ ಬತ್ತಿಯನ್ನು ಆರಿಸಿ, ಕತ್ತರಿಸಿ, ಮತ್ತೆ ಮಾರುವುದು ಬೇಡ. ಹಚ್ಚಿದವರು ಕೊಟ್ಟ ಹಣ ಅದು ಪೂರ್ತಿ ಉರಿಯುವುದಕ್ಕೆ.

ಯುಪಿಐ ಬಂದ ಮೇಲೆ ಚೀಲ ಹಗುರವಾಗಿದೆ, ಲೆಕ್ಕ ಭಾರವಾಗಿದೆ. ಕ್ಯೂಆರ್ ಕೋಡ್ ಯಾರ ಖಾತೆಯದು? ಸಭೆಯ ಹೆಸರಿನ ಖಾತೆಗೆ ಪ್ಯಾನ್, ಠರಾವು ಎಂದು ಬ್ಯಾಂಕಿನವರು ಕೇಳಿದಾಗ "ಸದ್ಯಕ್ಕೆ" ಎಂದು ಕಾರ್ಯದರ್ಶಿಯ ಖಾಸಗಿ ಖಾತೆಯ ಕೋಡ್ ಅಂಟಿಸುತ್ತಾರೆ, ಆ ಸದ್ಯಕ್ಕೆ ಮುಗಿಯುವುದೇ ಇಲ್ಲ. ಅವರ ಖಾತೆ ಯಾವುದೋ ದೂರಿನಿಂದ ತಡೆಹಿಡಿಯಲ್ಪಟ್ಟರೆ ಸಭೆಯ ಹಣವೂ ಅಲ್ಲೇ ನಿಲ್ಲುತ್ತದೆ. ಅವರು ತೀರಿಕೊಂಡರೆ ಕೇಳಬೇಕಾದದ್ದು ದುಃಖದಲ್ಲಿರುವ ಮನೆಯವರನ್ನು. ಪ್ರತಿ ಭಾನುವಾರ ಆರಾಧನೆಗೆ ಮುಂಚೆ ಯಾರಾದರೂ ಒಬ್ಬರು 1 ರೂಪಾಯಿ ಕಳಿಸಿ ಪರದೆಯಲ್ಲಿ ಯಾರ ಹೆಸರು ಬರುತ್ತದೆ ನೋಡಲಿ; ಹಳೆಯ ಕೋಡಿನ ಮೇಲೆ ಬೇರೆಯದನ್ನು ಅಂಟಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಪೆಟ್ಟಿಗೆಯ ಮೇಲೆ ಕ್ಯಾಮರಾ ಹಾಕಿಸಿದ್ದೇವೆ ಎನ್ನುವವರಿಗೆ ಒಂದು ಮಾತು: ಕ್ಯಾಮರಾ ಕೈಯನ್ನು ನೋಡುತ್ತದೆ, ಲೆಕ್ಕ ಕೂಡುವುದನ್ನು ನೋಡುವುದಿಲ್ಲ.

ಕೊಟ್ಟ ಉದ್ದೇಶಕ್ಕೇ ಹಣ ಹೋಗಬೇಕು ಎಂಬುದು ಬರೀ ಒಳ್ಳೆಯ ನಡತೆಯಲ್ಲ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 1267ನೇ ನಿಯಮ ಅದನ್ನೇ ಹೇಳುತ್ತದೆ. 1287ನೆಯದು ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆನ್ನುತ್ತದೆ. 537ನೆಯದು ಪ್ರತಿ ಧರ್ಮಕೇಂದ್ರಕ್ಕೂ ಆರ್ಥಿಕ ಸಮಿತಿ ಕಡ್ಡಾಯ ಮಾಡುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರೂ ವ್ಯಾಪಾರದ ಹಣ ಬೇರೆ, ಮಿಷನ್ ಹಣ ಬೇರೆ ಎಂದು 1859ರಲ್ಲಿ ವ್ಯಾಪಾರಕ್ಕೆ ಪ್ರತ್ಯೇಕ ಕಂಪೆನಿಯನ್ನೇ ಮಾಡಿದರು. ನಮ್ಮಲ್ಲಿ ಕಟ್ಟಡ ನಿಧಿಯಿಂದ ಹಬ್ಬಕ್ಕೆ ಕೈಗಡ, ಬಡವರ ಔಷಧಿ ನಿಧಿಯಿಂದ ಕಟ್ಟಡಕ್ಕೆ ಕೈಗಡ. ಬ್ಯಾಂಕ್ ಖಾತೆ ಒಂದೇ ಇದ್ದರೂ ಸರಿ, ಲೆಡ್ಜರಿನಲ್ಲಿ ಪ್ರತಿ ನಿಧಿಗೆ ಒಂದು ಪುಟ, ತಿಂಗಳ ಕೊನೆಗೆ ಪುಟಗಳ ಒಟ್ಟು ಬ್ಯಾಂಕಿನಲ್ಲಿ ಉಳಿದ ಮೊತ್ತಕ್ಕೆ ಸಮ. ಔಷಧಿ ನಿಧಿಯಲ್ಲಿ ಪುಸ್ತಕದ ಪ್ರಕಾರ 40,000 ಇದ್ದು ಬ್ಯಾಂಕಿನಲ್ಲಿ ಇರುವುದೇ 25,000 ಎಂದಾದರೆ, 15,000 ರೂಪಾಯಿಯ ಔಷಧಿ ಯಾವುದೋ ಚಪ್ಪರದ ದೀಪಾಲಂಕಾರವಾಗಿ ಉರಿದಿದೆ.

ಹೊರದೇಶದ ಹಣದ ವಿಷಯದಲ್ಲಿ ನಮ್ಮ ಜಿಲ್ಲೆಗಳವರು ಹೆಚ್ಚು ಎಚ್ಚರವಿರಬೇಕು, ಏಕೆಂದರೆ ಇಲ್ಲಿ ಪ್ರತಿ ವಾರ್ಡಿನಲ್ಲೂ ಪರದೇಶದಲ್ಲಿ ದುಡಿಯುವವರಿದ್ದಾರೆ. ಕುವೈತಿನಲ್ಲಿದ್ದು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ದುಡಿಮೆಯಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಅದೇ ಮನೆಯ ತಮ್ಮ ಕೆನಡಾದ ಪೌರನಾಗಿದ್ದರೆ, ಊರಿಗೆ ಬಂದು ಹಬ್ಬದ ದಿನ ರೂಪಾಯಿಯಲ್ಲೇ ಕೈಗೆ ಕೊಟ್ಟರೂ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಅನುಮತಿ ಇಲ್ಲದವರು ಅದನ್ನು ಮುಟ್ಟುವಂತಿಲ್ಲ. ಇದ್ದವರಿಗೂ ಅದು ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ಹೊಸದಿಲ್ಲಿ ಮುಖ್ಯ ಶಾಖೆಯ ಖಾತೆಗೆ. "ಅಣ್ಣನ ಹೆಸರಲ್ಲಿ ರಸೀದಿ ಬರೆಯಿರಿ" ಎಂಬ ಪರಿಹಾರವನ್ನು ಎಲ್ಲರೂ ಸಲೀಸಾಗಿ ಹೇಳುತ್ತಾರೆ. ಅದು ಸುಳ್ಳು ರಸೀದಿ, ಅದರ ಮೇಲೆ ಸಭೆಯ ಮೊಹರು.

ನಮ್ಮದು ಮೂವತ್ತು ಮನೆಯ ಸಣ್ಣ ಸಭೆ, ಇಷ್ಟೆಲ್ಲ ಜನ ಎಲ್ಲಿದ್ದಾರೆ ಎನ್ನುವಿರಿ. ಮೂವತ್ತು ಮನೆಯಲ್ಲಿ ಎಣಿಸಲು ಮೂವರು ಸಿಗುತ್ತಾರೆ. ಯುವಜನರನ್ನು ಕೂರಿಸಿ, ಇಪ್ಪತ್ತು ನಿಮಿಷದ ಕೆಲಸ. ಹೊರಗಿನ ಕಣ್ಣು ಬೇಕಿದ್ದರೆ ಪಕ್ಕದ ಸಭೆಯ ಖಜಾಂಚಿ ನಿಮ್ಮ ಪುಸ್ತಕ ನೋಡಲಿ, ನೀವು ಅವರದು ನೋಡಿ.

ಪ್ರತಿ ತಿಂಗಳ ಮೊದಲ ಭಾನುವಾರ ಹಿಂದಿನ ತಿಂಗಳ ಲೆಕ್ಕ ಸೂಚನಾ ಫಲಕದಲ್ಲಿರಲಿ: ಬಂದದ್ದು, ಹೋದದ್ದು, ನಿಧಿವಾರು ಉಳಿದದ್ದು, ಬ್ಯಾಂಕಿನಲ್ಲಿರುವುದು. ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿ ಬೇಡ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂಬ ಮಾತು ಕೊಡುವವರಿಗೆ ಹೇಳಿದ್ದು, ಖರ್ಚು ಮಾಡುವವರಿಗಲ್ಲ. ಫಲಕಕ್ಕೆ ಗಾಜಿನ ಬಾಗಿಲಿದ್ದರೆ ಕೀಲಿ ಖಜಾಂಚಿಯ ಬಳಿ ಬೇಡ.

ಜೂನ್ ಹಿಡಿಯುವ ಮೊದಲು ರಸೀದಿ ಪುಸ್ತಕಗಳ ಅಡಿಚೀಟಿಗಳನ್ನು ಎಣಿಸಿಬಿಡಿ: ಎಷ್ಟು ಮುದ್ರಿಸಿದ್ದು, ಯಾವ ಗುರಿಕಾರರ (ವಾರ್ಡಿನ ಮುಖ್ಯಸ್ಥರ) ಬಳಿ ಯಾವ ನಂಬರು, ಎಷ್ಟು ವಾಪಸು ಬಂದದ್ದು. ಕಾರ್ಬನ್ ಪ್ರತಿ ಆಟಿ ತಿಂಗಳ ಮಳೆಯ ತೇವಕ್ಕೆ ಮಾಸುತ್ತದೆ, ಜೆಲ್ ಪೆನ್ನಿನ ಶಾಯಿ ಹರಡುತ್ತದೆ. ಬಾಲ್ ಪೆನ್ನೇ ಬಳಸಿ, ತುಂಬಿದ ಪುಸ್ತಕದ ಪುಟಗಳನ್ನು ಫೋಟೊ ತೆಗೆದಿಡಿ. ಹತ್ತು ವರ್ಷದ ಪುಸ್ತಕ ಉಳಿಯಬೇಕು. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆದು, ಕಾಲಿನ ಕೆಳಗೆ ಹೆಂಚಿನ ತುಂಡಿಡಿ. ಗೆದ್ದಲು ತಿಂದಿತು ಎಂಬ ಉತ್ತರವನ್ನೂ ಮಹಾಸಭೆ ಸಾಕಷ್ಟು ಸಲ ಕೇಳಿದೆ.

ಇಂತಿ,
ಸಭೆಗಳ ಲೆಕ್ಕಪುಸ್ತಕ ನೋಡುವ ಕೆಲಸದಲ್ಲಿರುವ ಕೆಲವರು
ಮಂಗಳೂರು ಮತ್ತು ಉಡುಪಿ